ಬೂಟು ಬಿಚ್ಚದ ದೆವ್ವ

ಮೊನ್ನೆ ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಇಳಿದವಳು ಮೆಟ್ಟಿಲು ಹತ್ತುವ ಬದಲು ಪ್ಲಾಟ್‌ಫಾರ್ಮಿನಲ್ಲೇ ನಿಂತುಬಿಟ್ಟೆ. ಯಾರೋ ಬೆಂಚಿನ ಮೇಲೆ ಕೂತು, ಕಾಲು ಚಾಚಿ, ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತಿದ್ದರು. ಕೊಬ್ಬರಿ ಮೂಟೆಗಳ ಕಮಟು, ವಡೆ ಕರಿಯುವ ಎಣ್ಣೆ, ರೈಲಿನ ಬ್ರೇಕಿನ ಸುಟ್ಟ ವಾಸನೆ, ಇಷ್ಟೆಲ್ಲದರ ನಡುವೆಯೂ ಆ ಕಪ್ಪು ಡಬ್ಬಿಯ ವಾಸನೆ ನನ್ನ ಮೂಗನ್ನೇ ಹುಡುಕಿಕೊಂಡು ಬಂತು. ಬೂಟ್ ಪಾಲಿಶ್ ವಾಸನೆ ಬಂದರೆ ಎಲ್ಲರಿಗೂ ಶಾಲೆಯೋ ಇಂಟರ್‌ವ್ಯೂವೋ ನೆನಪಾಗುತ್ತೆ. ನನಗೆ ಕೋಳಿ ಸಾರು ನೆನಪಾಗುತ್ತೆ. ಬಾಯಲ್ಲೂ ನೀರು ಬರುತ್ತೆ, ಕಣ್ಣಲ್ಲೂ ಬರುತ್ತೆ. ನಗಬೇಡಿ, ಹೇಳ್ತೀನಿ.

ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷ ಆಗಿತ್ತು. ನಾನು ಬಿ.ಎಡ್. ಮುಗಿಸಿ, ಕೆಲಸಕ್ಕೆ ಕಾಯುತ್ತಾ, ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದೆ. ಅಪ್ಪ ರೈಲ್ವೆಯಲ್ಲಿದ್ದರು. ಅಣ್ಣ ಪ್ರಕಾಶ ಮದುವೆಗಳ ವಿಡಿಯೋ ತೆಗೆಯುವವನು. ಆಷಾಢ ಬಂತೆಂದರೆ ಮದುವೆಗಳಿಲ್ಲ, ಅವನಿಗೂ ಕೆಲಸವಿಲ್ಲ, ಅವನ ಕ್ಯಾಮೆರಾಕ್ಕೂ ಕೆಲಸವಿಲ್ಲ. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ. ನಮ್ಮಣ್ಣ ಆ ಆಷಾಢದಲ್ಲಿ ಒಂದು ಪಿಕ್ಚರ್ ತೆಗೆಯಲು ಹೊರಟ.

ತಲೆಗೆ ಹುಳ ಬಿಟ್ಟವನು ರವಿ. ಹಾರನಹಳ್ಳಿಯ ಹುಡುಗ, ಮದುವೆಗಳಲ್ಲಿ ಅಣ್ಣನ ಜೊತೆ ಲೈಟು ಹಿಡಿಯುತ್ತಿದ್ದವನು, ಹತ್ತು ಮಾತಿಗೆ ಒಂದು ಮಾತಾಡುವವನು. ಒಂದು ಮಧ್ಯಾಹ್ನ ನಮ್ಮ ಮನೆಯ ಜಗಲಿಯ ಮೇಲೆ ಕೂತು, ಆಷಾಢದ ಗಾಳಿಗೆ ಬೀದಿಯ ಧೂಳೆಲ್ಲ ಎದ್ದು ಹಾರುವುದನ್ನು ನೋಡುತ್ತಾ, "ಪ್ರಕಾಶಣ್ಣ, ಒಂದು ದೆವ್ವದ ಪಿಕ್ಚರ್ ಮಾಡಣ. ಮಿಲಿಟ್ರಿಯವನ ದೆವ್ವ," ಅಂದ.

ಅಣ್ಣ ನಗಲಿಲ್ಲ. ನಾನೂ ನಗಲಿಲ್ಲ. ಯಾಕೆಂದರೆ ರವಿಯ ಅಣ್ಣ ನಾಗರಾಜ ಮಿಲಿಟರಿಯಲ್ಲಿದ್ದ. ಎರಡು ವರ್ಷದ ಹಿಂದೆ ಉತ್ತರದ ಬೆಟ್ಟಗಳಲ್ಲಿ ಹಿಮ ಕುಸಿದು ಅದರಡಿ ಸಿಕ್ಕಿಕೊಂಡವನು ಸಿಗಲೇ ಇಲ್ಲ. ಊರಿಗೆ ಬಂದದ್ದು ಒಂದು ಕಪ್ಪು ಟ್ರಂಕು. ಅದರಲ್ಲಿ ಅವನ ಬಟ್ಟೆ, ಒಂದು ಕನ್ನಡಿ, ಒಂದು ಜೊತೆ ಬೂಟು. ಅವರವ್ವ ಗೌರಮ್ಮ ಆ ಟ್ರಂಕನ್ನು ಮಂಚದ ಕೆಳಗೆ ತಳ್ಳಿ, ಅಳುವುದಕ್ಕೆ ಬಂದ ನೆಂಟರಿಗೆಲ್ಲ ಒಂದೇ ಮಾತು ಹೇಳಿದ್ದರಂತೆ: "ಅಳ್ಬ್ಯಾಡ್ರಿ. ಮಂಜು ಕರಗ್ಲಿ, ಬತ್ತಾನೆ."

ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬ ಮಾಡುತ್ತಾರೆ. ತೀರಿಕೊಂಡವರಿಗೆ ಇಷ್ಟವಾದ ಅಡುಗೆಯನ್ನೆಲ್ಲ ಮಾಡಿ, ಬಾಳೆ ಎಲೆ ಹಾಕಿ, ಬಡಿಸಿ, ದೀಪ ಹಚ್ಚಿ, ಎಲ್ಲರೂ ಆಚೆ ಬಂದು ಬಾಗಿಲು ಹಾಕಿಕೊಳ್ಳುತ್ತಾರೆ. ಅದಕ್ಕೆ ಎಡೆ ಇಡುವುದು ಅಂತಾರೆ. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ, ಬಾಗಿಲು ತಟ್ಟಿ, ಆಮೇಲೆ ಒಳಗೆ ಹೋಗುತ್ತಾರೆ. ಉಣ್ಣುವವರನ್ನು ನೋಡಬಾರದು ಅಂತ. ಗೌರಮ್ಮ ಗಂಡನಿಗೆ ಇಡುತ್ತಿದ್ದರು, ಅತ್ತೆ ಮಾವನಿಗೆ ಇಡುತ್ತಿದ್ದರು. ನಾಗರಾಜನಿಗೆ ಎರಡು ವರ್ಷವೂ ಇಟ್ಟಿರಲಿಲ್ಲ. ಎಡೆ ಇಟ್ಟರೆ ಸತ್ತ ಅಂತ ಒಪ್ಪಿದ ಹಾಗಲ್ಲವೇ? ಊರಿನವರು ಹೇಳಿದರು, ನೆಂಟರು ಬೈದರು. ಅವರು ಜಗ್ಗಲಿಲ್ಲ.

"ಅಣ್ಣ ಹಸ್ಕೊಂಡು ಬಾಗಿಲಲ್ಲಿ ನಿಂತವ್ನೆ ಅನ್ಸುತ್ತೆ ನಂಗೆ," ಅಂದ ರವಿ. "ಉಣ್ಣೋವಾಗ್ಲೆಲ್ಲ ಅನ್ಸುತ್ತೆ. ಬಾಯಲ್ಲಿ ಹೇಳಿದ್ರೆ ಅವ್ವ ಕೇಳಲ್ಲ. ಪಿಕ್ಚರಲ್ಲಿ ನೋಡಿದ್ರೆ ಕೇಳ್ತಾಳೇನೋ. ಈ ಅಮಾಸೆಗಾದ್ರೂ ಅಣ್ಣಂಗೆ ಒಂದು ಎಲೆ ಹಾಕಿದ್ರೆ ಸಾಕು."

ಅಲ್ಲಿಗೆ ಮುಗೀತು. ಒಬ್ಬ ತಾಯಿಯನ್ನು ಒಪ್ಪಿಸಲು ನಾವು ಮೂರು ಜನ ಸಿನಿಮಾ ಮಾಡಲು ಹೊರಟೆವು. ಊರಿಗೆ ಹೇಳಿದ್ದು ಮಾತ್ರ ಬೇರೆ: ಅರಸೀಕೆರೆಯ ಕೇಬಲ್ಲಿನವರು ದಸರಾಕ್ಕೆ ಹಾಕುತ್ತಾರೆ ಅಂತ. ಅದೂ ಸುಳ್ಳಲ್ಲ, ಕೇಬಲ್ಲಿನ ಹುಡುಗ ಅಣ್ಣನಿಗೆ ಮಾತು ಕೊಟ್ಟಿದ್ದ.

ಅಪ್ಪ ಬುದ್ಧನ ಫೋಟೋದ ಕೆಳಗೆ ಕೂತು ಪೇಪರ್ ಓದುತ್ತಿದ್ದವರು ಕನ್ನಡಕದ ಮೇಲಿಂದ ನಮ್ಮನ್ನು ನೋಡಿ, "ನಮ್ಮನೆ ಮಕ್ಕಳು ದೆವ್ವದ ಪಿಕ್ಚರ್ ಮಾಡೋದು ಚೆನ್ನಾಗಿದೆ," ಅಂದರು. ನಾನು ಹುಟ್ಟುವ ಮೊದಲೇ ಅಪ್ಪ ಮನೆಯಲ್ಲಿ ಎಡೆ, ದೆವ್ವ, ಮಂತ್ರ, ತಾಯಿತ ಎಲ್ಲವನ್ನೂ ನಿಲ್ಲಿಸಿದ್ದರು. ಹಾಗಾಗಿ ಎಡೆ ಇಡುವುದನ್ನು ನಾನು ಕೇಳಿದ್ದೆನೇ ಹೊರತು ನೋಡಿರಲಿಲ್ಲ. ಇಂಥವಳು ಆ ಪಿಕ್ಚರಿನಲ್ಲಿ ಸೈನಿಕನ ತಾಯಿ! ಬೇರೆ ಹೆಂಗಸರು ಯಾರೂ ಒಪ್ಪಲಿಲ್ಲ, ಅದಕ್ಕೆ. ತಲೆಗೆ ಅರ್ಧ ಡಬ್ಬಿ ಪೌಡರ್ ಬಳಿದುಕೊಂಡು, ಅಮ್ಮನ ಹಳೇ ಸೀರೆ ಉಟ್ಟುಕೊಂಡು, ಬೆನ್ನು ಬಾಗಿಸಿ ನಡೆದೆ. ದೆವ್ವ ರವಿಯೇ. ಅವರವ್ವ ಹೊಲಕ್ಕೆ ಹೋದಾಗ ಟ್ರಂಕಿನಿಂದ ಅಣ್ಣನ ಬೂಟು ತೆಗೆದುಕೊಂಡು ಬಂದಿದ್ದ.

ಆ ಬೂಟಿನ ಮೇಲೆ ನಮ್ಮ ನಿರ್ದೇಶಕರಿಗೆ, ಅಂದರೆ ನಮ್ಮಣ್ಣನಿಗೆ, ಮೋಹ ಹುಟ್ಟಿಬಿಟ್ಟಿತು. "ಮುಖ ಬೇಡ, ಬರೀ ಬೂಟು ತೋರಿಸ್ತೀನಿ. ಧಡ್, ಧಡ್, ಧಡ್. ಜನ ಉಚ್ಚೆ ಹುಯ್ಕೋಬೇಕು," ಅಂದ. ಹಾರನಹಳ್ಳಿಯಲ್ಲಿ ಖಾಲಿ ಬಿದ್ದಿದ್ದ ಒಂದು ತೊಟ್ಟಿಮನೆ ಸಿಕ್ಕಿತು. ದೆವ್ವ ಹೊಸ್ತಿಲು ದಾಟಿ, ತೊಟ್ಟಿ ಸುತ್ತಿ, ದೇವರ ಗೂಡಿನ ಮುಂದೆ ಹಾದು, ಸೀದಾ ಅಡುಗೆಮನೆಗೆ ಬರುತ್ತೆ. ತಾಯಿ ತಿರುಗಿ ನೋಡಿ, ಕಿಟಾರನೆ ಕಿರುಚಿ, ದೊಪ್ಪನೆ ಬೀಳುತ್ತಾಳೆ. ಬೆಳಗಾಗೆದ್ದು ಎಡೆ ಇಡುತ್ತಾಳೆ. ದೆವ್ವ ಹೊರಟುಹೋಗುತ್ತೆ. ಶುಭಂ.

ದೆವ್ವವನ್ನು ಇನ್ನೂ ಕಲಾತ್ಮಕ ಮಾಡಬೇಕು ಅಂತ ಒಂದು ದಿನ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಗೂ ಹೋದೆವು. ಅಲ್ಲಿಯ ಬಸದಿಯ ಕಂಬಗಳು ಗೊತ್ತಲ್ಲ, ನುಣುಪು ಅಂದರೆ ನುಣುಪು, ಎದುರು ನಿಂತರೆ ನಮ್ಮ ನೆರಳು ಉದ್ದ ಅಗಲ ಆಗಿ ಕಾಣುತ್ತೆ. ರವಿ ಯೂನಿಫಾರ್ಮ್ ಬಣ್ಣದ ಅಂಗಿಯಲ್ಲಿ ಕಂಬದ ಮುಂದೆ ನಿಂತ. ಕಪ್ಪು ಕಲ್ಲಿನಲ್ಲಿ ಉದ್ದುದ್ದ ಎಳೆದ ಹಾಗೆ ಒಬ್ಬ ಸೈನಿಕ ಮೂಡಿದ. ಅಣ್ಣ ಕ್ಯಾಮೆರಾ ಆರಿಸದೆ ತೆಗೆಯುತ್ತಲೇ ಇದ್ದ. ರವಿ ಕೂಡ ಆ ನೆರಳನ್ನೇ ಬಹಳ ಹೊತ್ತು ನೋಡುತ್ತಿದ್ದ. ಇಬ್ಬರು ಅಣ್ಣತಮ್ಮಂದಿರೂ ಒಂದೇ ಅಚ್ಚು ಅಂತ ಆಮೇಲೆ ನನಗೆ ಯಾರೋ ಹೇಳಿದರು.

ಇನ್ನು ಮಿಕ್ಸಿಂಗ್. ನಮ್ಮ ಸಿದ್ದಣ್ಣ ಮಾವನಿಗೆ ಬೇಲೂರಿನಲ್ಲಿ ಮದುವೆ ಕ್ಯಾಸೆಟ್ಟುಗಳಿಗೆ ಮಿಕ್ಸಿಂಗ್ ಮಾಡುವ ಅಂಗಡಿ ಇತ್ತು. ನಾವು ಹೋಗುವ ಹೊತ್ತಿಗೆ ಶ್ರಾವಣ ಶುರುವಾಗಿ ಮದುವೆಗಳೂ ಶುರುವಾಗಿ, ಮಾವನಿಗೆ ತಲೆ ಕೆರೆದುಕೊಳ್ಳಲು ಪುರುಸೊತ್ತಿಲ್ಲ. "ಬಿಟ್ಟು ಹೋಗ್ರೋ, ನಾನು ಮಾಡಿಡ್ತೀನಿ," ಅಂದರು. ಮಾಡಿಟ್ಟರು ಕೂಡ. ಪಾಪ, ಅವರ ಯಂತ್ರದಲ್ಲಿ ಇದ್ದದ್ದೆಲ್ಲ ಮದುವೆಯ ಚಮತ್ಕಾರಗಳು. ದೆವ್ವ ಮೊದಲ ಸಲ ಕಾಣಿಸಿಕೊಳ್ಳುವಾಗ ಪರದೆಯ ನಡುವೆ ಒಂದು ಗುಲಾಬಿ ಅರಳಿ, ಅದರೊಳಗಿಂದ ಬಂತು. ಬಸ್ತಿಹಳ್ಳಿಯ ಕಂಬದ ನೆರಳನ್ನು ಒಂದು ಹೃದಯದ ಆಕಾರದೊಳಗೆ ಕೂರಿಸಿದ್ದರು. ನಾವು ಕ್ಯಾಸೆಟ್ ಹಾಕಿ ನೋಡಿದ್ದು ಪ್ರದರ್ಶನದ ದಿನವೇ. ಇನ್ನೇನು ಮಾಡುವುದು? "ಜನಕ್ಕೆ ಗೊತ್ತಾಗಲ್ಲ ಬಿಡು," ಅಂದ ಅಣ್ಣ. ಜನಕ್ಕೆ ಗೊತ್ತಾಗಲ್ಲ ಅನ್ನುವವರನ್ನು ದೇವರೇ ಕಾಪಾಡಬೇಕು.

ಹಾರನಹಳ್ಳಿಯ ಗಣಪತಿ ಪೆಂಡಾಲಿನಲ್ಲಿ ಪ್ರದರ್ಶನ. ತೆಂಗಿನಕಾಯಿ ವ್ಯಾಪಾರದ ಚನ್ನಬಸಪ್ಪನವರು ಪೆಂಡಾಲಿನ ಯಜಮಾನರು. ಅವರ ಮನೆಯ ದೊಡ್ಡ ಟೀವಿಯನ್ನೇ ಹೊತ್ತು ತಂದು ಮೇಜಿನ ಮೇಲಿಟ್ಟರು. ಸಂಜೆಯ ಮಂಗಳಾರತಿ ಮುಗಿದು, ಎಲ್ಲರ ಕೈಯಲ್ಲೂ ಕಡಲೆಕಾಳಿನ ಉಸಲಿ. ಮುಂದೆ ಮಕ್ಕಳು, ಒಂದು ಪಕ್ಕ ಗಂಡಸರು, ಹಿಂದೆ ಹೆಂಗಸರು. ರವಿ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದ. ಅವರವ್ವ ಬರಲ್ಲ ಅಂದಿದ್ದರಂತೆ.

ಗುಲಾಬಿ ಅರಳಿದಾಗಲೇ ಒಂದು ಕಿಸಕ್ ಅಂತ ನಗು ಕೇಳಿಸಿತು. ಬೂಟಿನ ಧಡ್ ಧಡ್ ಶುರುವಾದಾಗ ಮಾತ್ರ ಪೆಂಡಾಲೆಲ್ಲ ಗಪ್‌ಚಿಪ್. ಪಿಕ್ಚರ್ ಮುಗಿದ ಮೇಲೂ ಯಾರೂ ಉಸಿರೆತ್ತಲಿಲ್ಲ. ಅಣ್ಣ ನನ್ನ ಕಿವಿಯಲ್ಲಿ, "ಹೆದರಿಬಿಟ್ಟಿದ್ದಾರೆ ಕಣೇ," ಅಂದ.

ಚನ್ನಬಸಪ್ಪನವರು ಗಂಟಲು ಸರಿಮಾಡಿಕೊಂಡರು. "ಅಲ್ಲಪ್ಪ ರವಿ, ದೆವ್ವ ಆದ್ರೆ ಆಗ್ಲಿ. ಬೂಟ್ ಹಾಕ್ಕೊಂಡು ಮನೆ ಒಳಕ್ಕೆ ಬರೋದಾ?"

"ಅದೂ ದೇವರ ಗೂಡಿನ ಮುಂದೆ!" ಅಂತ ಹಿಂದಿನಿಂದ ಒಬ್ಬಾಕೆ.

"ಅಡುಗೆಮನೆಗಂಟ ಬಂತಲ್ರೀ. ನಮ್ಮನೆಗೆ ಹಂಗೆ ಬಂದಿದ್ರೆ ಪೊರಕೆ ತಗೊಳ್ತಿದ್ದೆ," ಅಂತ ಇನ್ನೊಬ್ಬಾಕೆ.

ಕಟ್ಟೆ ಒಡೆದ ಹಾಗಾಯಿತು. ಟೆಂಪೋ ಓಡಿಸುವವನೊಬ್ಬ ಎದ್ದು ನಿಂತು, "ಹಾರನಹಳ್ಳಿ ದೆವ್ವ ಬಸ್ತಿಹಳ್ಳಿಗೆ ಹೆಂಗ್ ಹೋಯ್ತು? ನನ್ ಟೆಂಪೋ ಅಂತೂ ಹತ್ಲಿಲ್ಲ," ಅಂದ. ಇನ್ನೊಬ್ಬ, "ಗುಲಾಬಿ ಹೂವಾಗಿಂದ ಬಂತಲ್ಲ, ಹೆಣ್ಣು ನೋಡಕ್ಕೆ ಬಂದಿತ್ತೇನ್ಲಾ?" ಅಂದ. ನನ್ನನ್ನೂ ಬಿಡಲಿಲ್ಲ. "ಈ ಅವ್ವಂಗೆ ತಲೆ ಹಣ್ಣಾಗೈತೆ, ಕೈ ಮಾತ್ರ ಎಳೇ ಸೌತೆಕಾಯಿ ಇದ್ದಂಗವೆ." ಊರಿಗೇ ಹಿರಿಯಳಾದ ಪುಟ್ಟಜ್ಜಿ ಕಂಬಕ್ಕೆ ಒರಗಿ ಕೂತಿದ್ದವಳು ತೀರ್ಪು ಕೊಟ್ಟಳು: "ದೆವ್ವದ ಪಾದ ಹಿಂದುಮುಂದು ಇರ್ತವೆ. ಬೂಟೊಳಗಿದ್ರೆ ಹೆಂಗ್ಲಾ ಗೊತ್ತಾಗ್ಬೇಕು? ಬಿಚ್ಚಿಸಿ ತೋರಿಸ್ಬೇಕಿತ್ತು."

ನನಗೆ ಸಿಟ್ಟು ನೆತ್ತಿಗೇರಿತು. ಒಂದು ತಿಂಗಳು ಬಿಸಿಲು ಗಾಳಿ ಅನ್ನದೆ ಒದ್ದಾಡಿದ್ದೇವೆ, ಇವರಿಗೆ ಕಂಡದ್ದು ಬರೀ ಬೂಟು! ಏನಾದರೂ ಅಂದುಬಿಡೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಬಂತು.

"ಆ ಬೂಟ್ ಬರೋದು ಇನ್ನೊಂದ್ ಸಲ ಹಾಕ್ರಪ್ಪ."

ಗೌರಮ್ಮ. ಪೆಂಡಾಲಿನ ಕೊನೆಯ ಬಿದಿರು ಗಳದ ಹತ್ತಿರ, ಸೆರಗು ತಲೆ ಮೇಲೆ ಹೊದ್ದು ನಿಂತಿದ್ದರು. ಯಾವಾಗ ಬಂದರೋ ಯಾರೂ ನೋಡಿರಲಿಲ್ಲ. ನಗುತ್ತಿದ್ದವರ ನಗು ಹಂಗಂಗೇ ನಿಂತುಹೋಯಿತು. ಬೂಟು ಯಾರದ್ದು ಅಂತ ಆಗ ಎಲ್ಲರಿಗೂ ಹೊಳೆದಿರಬೇಕು. ರವಿ ಮುಖ ಬಿಳಿಚಿಕೊಂಡು ನೆಲ ನೋಡುತ್ತಿದ್ದ.

ಅಣ್ಣ ಗುಂಡಿ ಒತ್ತಿದ. ಆಗಿನ ಕ್ಯಾಸೆಟ್ಟಿನ ಯಂತ್ರಗಳಲ್ಲಿ ಹಿಂದಕ್ಕೆ ಓಡಿಸಿದರೆ ಪರದೆಯ ಮೇಲೆ ಎಲ್ಲವೂ ಹಿಂದುಮುಂದಾಗಿ ಕಾಣುತ್ತಿತ್ತು. ಬಿದ್ದಿದ್ದ ನಾನು ಎದ್ದು ನಿಂತೆ. ಬೂಟುಗಳು ಅಡುಗೆಮನೆಯಿಂದ ಹಿಂದೆ ಹಿಂದೆ ನಡೆದವು. ದೇವರ ಗೂಡಿನ ಮುಂದೆ ಹಾದು, ತೊಟ್ಟಿ ಸುತ್ತಿ, ಹೊಸ್ತಿಲು ದಾಟಿ ಆಚೆ ಹೋದವು. ಪುಟ್ಟಜ್ಜಿ ಮೆಲ್ಲಗೆ, "ಈಗ ಸರಿ ನೋಡು," ಅಂದಳು. ಯಾರೂ ನಗಲಿಲ್ಲ.

"ನಿಲ್ಸು. ಅಲ್ಲೇ ನಿಲ್ಸು," ಅಂದರು ಗೌರಮ್ಮ.

ಪರದೆಯ ಮೇಲೆ ಬೂಟು ಹೊಸ್ತಿಲಿನ ಆಚೆ ನಿಂತುಕೊಂಡವು. ಚಿತ್ರ ಸಣ್ಣಗೆ ನಡುಗುತ್ತಿತ್ತು. ಅವರು ಹೆಂಗಸರ ನಡುವೆ ದಾರಿ ಮಾಡಿಕೊಂಡು ಟೀವಿಯ ಹತ್ತಿರ ಬಂದು, ಬಗ್ಗಿ, ಬೂಟನ್ನು ನೋಡಿದರು.

"ಇಲ್ಲಿ ಬಿಚ್ಚಿಡ್ತಾನೆ ನನ್ ಮಗ. ರಜಕ್ಕೆ ಬಂದಾಗ ಎಷ್ಟೇ ಸುಸ್ತಾಗಿರ್ಲಿ, ಇಲ್ಲಿ ಬಿಚ್ಚಿಟ್ಟು, ಕಾಲು ತೊಳ್ಕೊಂಡೇ ಒಳಕ್ಕೆ ಬರೋನು." ಆಮೇಲೆ ನನ್ನ ಕಡೆ ತಿರುಗಿದರು. ಬೈಯುತ್ತಾರೆ ಅಂತ ನಾನು ಕುಗ್ಗಿಹೋದೆ. "ನೀನು ಚೆನ್ನಾಗಿ ಮಾಡಿದ್ಯ ಕಣವ್ವ. ಆದ್ರೆ ಕಿರುಚ್ಕೊಂಡ್ಬಿಟ್ಟೆ. ಹೆತ್ತೋಳೇ ಕಿರುಚ್ಕೊಂಡ್ರೆ, ಅವ್ನು ಇನ್ಯಾರ ಮನೆಗೆ ಹೋಗ್ಬೇಕು?"

ಇಷ್ಟು ಹೇಳಿ ಪೆಂಡಾಲಿನಿಂದ ಇಳಿದು ಹೊರಟುಹೋದರು. ನಾನು ಅಲ್ಲೇ ಕುರ್ಚಿಯ ಮೇಲೆ ಕೂತು ಅತ್ತುಬಿಟ್ಟೆ. ಚನ್ನಬಸಪ್ಪನವರು ಏನೂ ತೋಚದೆ ನನ್ನ ಕೈಗೆ ಇನ್ನೊಂದಿಷ್ಟು ಉಸಲಿ ಹಾಕಿದರು.

ಮುಂದಿನ ಎರಡು ವಾರ ರವಿ ಅರಸೀಕೆರೆಗೆ ಬರಲೇ ಇಲ್ಲ. ಎಲ್ಲವನ್ನೂ ಕೆಡಿಸಿಬಿಟ್ಟೆವು ಅಂದುಕೊಂಡೆವು. ಪಿಕ್ಚರಿನ ಹೆಸರೆತ್ತಿದರೆ ಅಣ್ಣ ಎದ್ದು ಹೋಗುತ್ತಿದ್ದ. ಅಪ್ಪ ಮಾತ್ರ ಒಂದು ದಿನ ಊಟಕ್ಕೆ ಕೂತಾಗ ನಡೆದದ್ದನ್ನೆಲ್ಲ ಕೇಳಿಸಿಕೊಂಡು, "ಆಯಮ್ಮ ಹೇಳಿದ್ದರಲ್ಲಿ ದೆವ್ವದ ಮಾತೇ ಇಲ್ಲವಲ್ಲ. ಮಗನ ಮಾತು ಹೇಳಿದ್ದಾರೆ," ಅಂದರು.

ಆಮೇಲೆ ರವಿ ಬಂದ. ಮುಖದಲ್ಲಿ ಅಳುವೋ ನಗುವೋ ತಿಳಿಯದ ಒಂದು ಭಾವ. ಗೌರಮ್ಮ ಒಂದು ವಾರ ಮಗನ ಜೊತೆ ಮಾತಾಡಿರಲಿಲ್ಲವಂತೆ. ಆಮೇಲೆ ಒಂದು ಬೆಳಿಗ್ಗೆ, "ಬೂಟ್ ಎಲ್ಲಿ ಮಡಗಿದ್ದೀಯ?" ಅಂದರಂತೆ. ತಂದುಕೊಟ್ಟರೆ, "ಥೂ, ಬಸ್ತಿಹಳ್ಳಿ ಕೆಸರೆಲ್ಲ ಇದ್ರಲ್ಲೇ ಐತೆ! ಹೆಂಗ್ ಇಟ್ಕೊಂಡಿದ್ದ ಅವ್ನು, ನೀನು ಹೆಂಗ್ ಮಾಡಿದ್ದೀಯ ನೋಡು," ಅಂತ ಬೈದು, ಪಾಲಿಶ್ ಡಬ್ಬಿ ತರಿಸಿ, ಜಗಲಿಯ ಮೇಲೆ ಕೂತು ಉಜ್ಜಿದರಂತೆ. ಉಜ್ಜುತ್ತಾ ಉಜ್ಜುತ್ತಾ ಹೇಳಿದರಂತೆ: "ನಿಮ್ ಪಿಕ್ಚರ್ ತಪ್ಪಾಗೈತೆ ಕಣೋ. ಅದ್ರಲ್ಲಿ ಎಡೆ ಇಕ್ಕಿದ್ದು ಅವ್ನನ್ನ ಓಡ್ಸಕ್ಕೆ. ಎಡೆ ಇಕ್ಕೋದು ಓಡ್ಸಕ್ಕಲ್ಲ, ಉಣ್ಸಕ್ಕೆ. ಇನ್ನೊಂದ್ ಸಲ ತೆಗೀರಿ. ಅಮಾಸೆ ದಿನ ಬರಕ್ಕೇಳು. ಆ ಹುಡುಗೀನೂ ಕರ್ಕೊಂಡ್ ಬಾ, ಆದ್ರೆ ಅವ್ಳು ಬ್ಯಾಡ. ನಾನೇ ಮಾಡ್ತೀನಿ."

ಸಿನಿಮಾದಿಂದ ನನ್ನನ್ನು ತೆಗೆದುಹಾಕಿದ್ದು ಹೀಗೆ. ಮೂಗು ಮುರಿದೆ, ನಿಜ. ಪೌಡರ್ ಡಬ್ಬಿ ಖಾಲಿ ಮಾಡಿದವಳು ನಾನು! ಆದರೆ ಈ ಜನ್ಮದಲ್ಲಿ ನನಗೆ ಸಿಕ್ಕ ದೊಡ್ಡ ಉಡುಗೊರೆ ಯಾವುದು ಅಂತ ಕೇಳಿದರೆ, ಆ ಪಾತ್ರ ಕೈತಪ್ಪಿದ್ದೇ ಅನ್ನುತ್ತೇನೆ.

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಟೆಂಪೋದಲ್ಲಿ ಹೊರಟೆವು. ರಾತ್ರಿ ಹಸ್ತ ಮಳೆ ಹೊಯ್ದಿತ್ತು. ರಾಗಿ ಹೊಲಗಳ ಅಂಚಿಗೆಲ್ಲ ಹುಚ್ಚೆಳ್ಳು ಹಳದಿಯಾಗಿ ಹೂ ಬಿಟ್ಟಿತ್ತು. ಗೌರಮ್ಮನ ಮನೆ ಹತ್ತಿರ ಬಂದ ಹಾಗೆ ಕೋಳಿ ಸಾರಿನ ಘಮ, ಅದರ ಹಿಂದೆಯೇ ಪಾಲಿಶ್ ವಾಸನೆ. ಹೊಸ್ತಿಲ ಆಚೆ, ಗೋಡೆಗೆ ಒರಗಿಸಿ, ಆ ಬೂಟು ಮಿರಮಿರ ಮಿಂಚುತ್ತಿದ್ದವು. ಪಕ್ಕದಲ್ಲಿ ಕಾಲು ತೊಳೆಯಲು ಒಂದು ಚೊಂಬು ನೀರು.

ಒಳಗೆ ಹಿರಿಯರ ಎಲೆಗಳು ಸಾಲಾಗಿದ್ದವು. ಅವುಗಳಿಂದ ಸ್ವಲ್ಪ ದೂರ, ಬೇರೆಯಾಗಿ ಒಂದು ಎಲೆ. ಅದಕ್ಕೆ ಗೌರಮ್ಮ ತಾವೇ ಬಡಿಸುತ್ತಿದ್ದರು. ಮುದ್ದೆ, ಕೋಳಿ ಸಾರು, ಕಜ್ಜಾಯ, ಒಂದು ಹೋಳು ಬೆಲ್ಲ. ಬೆಲ್ಲ ಇಲ್ಲದೆ ನಾಗ ಊಟ ಮುಗಿಸುತ್ತಿರಲಿಲ್ಲವಂತೆ. ಹಾಗೆ ದೂರ ಯಾಕೆ ಹಾಕಿದ್ದು ಅಂತ ಕೇಳುವ ಧೈರ್ಯ ನಮಗಿರಲಿಲ್ಲ. ಅವರೇ ಹೇಳಿದರು.

"ಅವ್ನು ಇವ್ರ ಸಾಲಿಗೆ ಸೇರ್ದೋನೋ ಅಲ್ವೋ ನಂಗ್ ಗೊತ್ತಿಲ್ಲ. ಹಸಿವಂತೂ ಆಗುತ್ತಲ್ಲ? ಬದುಕಿದ್ರೂ ಆಗುತ್ತೆ, ಇಲ್ದಿದ್ರೂ ಆಗುತ್ತೆ ಅಂತೀರ. ಮಂಜು ಕರಗೋಗಂಟ ಹಸ್ಕೊಂಡಿರ್ಲಿ ಅಂತ ಹೆಂಗ್ ಬಿಡ್ಲಿ?"

ರವಿ ಅಡುಗೆಮನೆಯ ಬಾಗಿಲಿಗೆ ಆತುಕೊಂಡು ನಿಂತಿದ್ದ.

ದೀಪ ಹಚ್ಚಿ, ಸಾಂಬ್ರಾಣಿ ಹಾಕಿ, ಎಲ್ಲರೂ ಆಚೆ ಹೊರಟಾಗ ಅಣ್ಣನಿಗೆ ಮತ್ತೆ ನಿರ್ದೇಶಕನ ಬುದ್ಧಿ ಬಂತು. "ಗೌರಮ್ಮಾರೇ, ಕ್ಯಾಮೆರಾ ಒಳಗೇ ಬಿಟ್ಟು ಬಾಗಿಲು ಹಾಕಲಾ? ಎಲೆ ಕಡೆ ತಿರುಗಿಸಿ ಇಟ್ಟುಬಿಡ್ತೀನಿ. ಯಾರೂ ಇರಲ್ಲವಲ್ಲ."

"ಬ್ಯಾಡ ಕಣಪ್ಪ. ಉಣ್ಣೋರ ಬಾಯಿ ನೋಡಬಾರ್ದು," ಅಂದರು. "ಅದನ್ನೂ ಆಚೆ ತಗೊಂಡ್ ಬಾ. ಅದೂ ಕಣ್ಣೇ."

ಹಾಗಾಗಿ ಕ್ಯಾಮೆರಾವೂ ನಮ್ಮ ಜೊತೆ ಆಚೆ ಬಂತು. ಗೌರಮ್ಮ ಬಾಗಿಲು ಮುಂದೆ ಮಾಡಿ ಹೊಸ್ತಿಲ ಪಕ್ಕ ಕುಕ್ಕರಗಾಲಲ್ಲಿ ಕೂತರು. ಅಣ್ಣ ಅಂಗಳದಲ್ಲಿ ನಿಂತು ಅದನ್ನೇ ತೆಗೆದ: ಮುಚ್ಚಿದ ಬಾಗಿಲು, ಒಂದು ಜೊತೆ ಬೂಟು, ಚೊಂಬು, ಕಾಯುತ್ತಾ ಕೂತ ತಾಯಿ. ಸಣ್ಣಗೆ ಹನಿ ಶುರುವಾಯಿತು. ಅವರು ಕೂತಲ್ಲಿಂದಲೇ ಕೈ ಚಾಚಿ, ಬೂಟುಗಳನ್ನು ಸೂರಿನ ಕೆಳಕ್ಕೆ ಎಳೆದುಕೊಂಡು, ಸೆರಗಿನಿಂದ ಒರೆಸಿದರು. ಒಂದು ಕಾಗೆ ಮಾಡಿನ ಮೇಲೆ ಬಂದು ಕೂತು ಕೂಗಿತು. ಅಪ್ಪನ ಮಗಳಾದ ನಾನು ಕೂಡ ಒಳಗಿನಿಂದ ಏನಾದರೂ ಸದ್ದು ಬರುತ್ತಾ ಅಂತ ಕಿವಿಗೊಟ್ಟು ನಿಂತಿದ್ದೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಗೌರಮ್ಮ ಎದ್ದು, ಕೆಮ್ಮಿ, ಬಾಗಿಲು ತಟ್ಟಿದರು. "ನಾಗ, ಉಂಡ್ಯೇನಪ್ಪ? ಬತ್ತಾ ಇದ್ದೀವಿ," ಅಂತ ಕೂಗಿ ಒಳಗೆ ಹೋದರು.

ಎಡೆಯ ಅಡುಗೆಯನ್ನು ಮೊದಲೇ ರುಚಿ ನೋಡುವ ಹಾಗಿಲ್ಲ. ಎಂಜಲಾಗುತ್ತೆ. ಹಾಗಾಗಿ ಅವರು ಮಗನ ಎಲೆಯ ಮುಂದೆ ಕೂತು, ಸಾರಿಗೆ ಬೆರಳದ್ದಿ, ಆಗ ನಾಲಿಗೆಗಿಟ್ಟುಕೊಂಡರು. ಮುಖ ಒಂಥರಾ ಆಯಿತು.

"ಉಪ್ಪೇ ಇಲ್ವಲ್ಲೋ ರವಿ," ಅಂದರು. "ಉಪ್ಪು ಹಾಕೋದೇ ಮರ್ತಿದ್ದೀನಿ. ಬದುಕಿದ್ದಿದ್ರೆ ತಟ್ಟೆ ತಳ್ಳಿ ಕೂಗಾಡೋನು. ಈಗ ನೋಡು, ಹಂಗೇ ಉಂಡ್ಕೊಂಡು, ಒಂದ್ ಮಾತೂ ಆಡ್ದೆ ಹೊರಟೋದ."

ಎರಡು ವರ್ಷದಿಂದ ಅಳದೆ ಕೂತಿದ್ದ ಗೌರಮ್ಮ ಆಗ ಅತ್ತರು. ಆ ಎಲೆಯ ಮುಂದೆ ಹಣೆ ಹಚ್ಚಿ, ನೆಲ ಗುದ್ದಿ ಗುದ್ದಿ ಅತ್ತರು. ರವಿ ಹೋಗಿ ಅವರ ಬೆನ್ನ ಮೇಲೆ ಬಿದ್ದ. ನಾನು ಓಡಿಹೋಗಿ ಇಬ್ಬರನ್ನೂ ತಬ್ಬಿಕೊಂಡೆ. ಅಣ್ಣ ಯಾವಾಗಲೋ ಕ್ಯಾಮೆರಾ ಆರಿಸಿ ಬೇಲಿ ಕಡೆ ಮುಖ ಮಾಡಿ ನಿಂತಿದ್ದ. ಅತ್ತು ಮುಗಿದ ಮೇಲೆ ಗೌರಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡು, ಸಾರಿಗೆ ಉಪ್ಪು ಹಾಕಿ ಕುದಿಸಿ, ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಬಡಿಸಿದರು. ನನ್ನ ಎಲೆಗೆ ಕೇಳದೆಯೇ ಎರಡನೇ ಮುದ್ದೆ ಬಿತ್ತು. ಅಷ್ಟು ರುಚಿಯಾದ ಊಟವನ್ನು ನಾನು ಮತ್ತೆ ಎಲ್ಲೂ ಉಂಡಿಲ್ಲ.

ದಸರಾದ ವಾರ ಕೇಬಲ್ಲಿನಲ್ಲಿ ಪಿಕ್ಚರ್ ಬಂತು. ಈ ಸಲ ಮಾವನ ಪಕ್ಕದಲ್ಲೇ ಕೂತು ಹೂವು ಹೃದಯ ಎಲ್ಲ ತೆಗೆಸಿದೆವು. ಬಸ್ತಿಹಳ್ಳಿಯ ಕಂಬದ ನೆರಳು, ಆಮೇಲೆ ಆ ಮುಚ್ಚಿದ ಬಾಗಿಲು. ಅಷ್ಟೇ. ಅಳು ಅದರಲ್ಲಿ ಇರಲಿಲ್ಲ. ಹಾರನಹಳ್ಳಿಯಲ್ಲಿ ಅರ್ಧ ಊರು ಚನ್ನಬಸಪ್ಪನವರ ಪಡಸಾಲೆಯಲ್ಲಿ ಕೂತು ನೋಡಿತು. ನಾವೂ ಹ್ಯಾಪುಮೋರೆ ಹಾಕಿಕೊಂಡು ಮೂಲೆಯಲ್ಲಿದ್ದೆವು. ಬಾಗಿಲು ಬಹಳ ಹೊತ್ತು ಹಾಗೇ ಇತ್ತು. ಟೆಂಪೋದವನಿಗೆ ತಡೆಯಲಾಗಲಿಲ್ಲ. "ಇದೇನ್ರೀ, ಇದ್ರಲ್ಲಿ ದೆವ್ವನೇ ಇಲ್ವಲ್ಲ?" ಅಂದ.

"ಒಳಗೆ ಉಣ್ತಾವ್ನೆ. ಸುಮ್ಕಿರ್ಲಾ," ಅಂದಳು ಪುಟ್ಟಜ್ಜಿ.

ಯಾವ ಪ್ರಶಸ್ತಿಯೂ ಬರಲಿಲ್ಲ ಆ ಪಿಕ್ಚರಿಗೆ. ಅಣ್ಣ ಮತ್ತೆ ಮದುವೆಗಳಿಗೆ ಹೋದ, ನನಗೆ ಕಡೂರಿನ ಕಡೆ ಕೆಲಸ ಸಿಕ್ಕಿತು, ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯಿತು. ಆದರೆ ಟೀಚರಾಗಿ ಇಷ್ಟು ವರ್ಷ ಮಕ್ಕಳ ಬರಹ ತಿದ್ದುವಾಗಲೆಲ್ಲ ನಾನು ಆ ಪೆಂಡಾಲಿನ ಜನಕ್ಕೆ ಮನಸ್ಸಿನಲ್ಲೇ ಕೈಮುಗಿದಿದ್ದೇನೆ. ಮುಖ ನೋಡಿ ಹೊಗಳಿ ಕಳಿಸಿದ್ದರೆ ನಮ್ಮ ಗತಿ ಏನಾಗುತ್ತಿತ್ತು! ಬೂಟು ಬಿಚ್ಚಿಸು ಅಂದರಲ್ಲ, ಅದೇ ನಮ್ಮ ಪುಣ್ಯ.

ಗೌರಮ್ಮ ತೀರಿಕೊಂಡು ಒಂದಷ್ಟು ವರ್ಷವಾಯಿತು. ಪ್ರತಿ ಮಹಾಲಯಕ್ಕೂ ರವಿ ಫೋನ್ ಮಾಡಿ ಕರೆಯುತ್ತಾನೆ. ಮೊನ್ನೆ ಅರಸೀಕೆರೆಯಲ್ಲಿ ಇಳಿದದ್ದೂ ಅದಕ್ಕೇ. ನಾನು ಹೋಗುವ ಹೊತ್ತಿಗೆ ಎಡೆ ಇಟ್ಟು ಬಾಗಿಲು ಹಾಕಿಯಾಗಿತ್ತು. ಹೊಸ್ತಿಲ ಆಚೆ ಅದೇ ಬೂಟು, ಹೊಸ ಪಾಲಿಶ್. ಅದರ ಪಕ್ಕದಲ್ಲಿ ಗೌರಮ್ಮನ ಸವೆದ ಹವಾಯಿ ಚಪ್ಪಲಿ. ನನ್ನ ಚಪ್ಪಲಿಯನ್ನೂ ಅವುಗಳ ಪಕ್ಕದಲ್ಲೇ ಬಿಟ್ಟು ಕೂತೆ.

ರವಿ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋದ. ಅವನ ಹೆಂಡತಿ ಸಾರಿಗೆ ಬೆರಳದ್ದಿ ನಾಲಿಗೆಗಿಟ್ಟುಕೊಂಡು, "ಅಯ್ಯೋ, ಉಪ್ಪು ಜಾಸ್ತಿ ಆಗೋಗೈತೆ ಕಣ್ರೀ!" ಅಂತ ಬಾಯಿ ಮೇಲೆ ಕೈಯಿಟ್ಟುಕೊಂಡಳು.

ರವಿ ಅಕ್ಕಪಕ್ಕ ಹಾಕಿದ್ದ ಎರಡು ಎಲೆಗಳನ್ನೂ ನೋಡಿದ. "ಅಣ್ಣ ಏನೂ ಅಂದಿರಲ್ಲ ಬಿಡು," ಅಂದ. "ಅವ್ವ ಮಾತ್ರ ಬೈಕೊಂಡ್ ಬೈಕೊಂಡೇ ಉಂಡಿರ್ತಾಳೆ."